ತಾಯಿ ಕಲಿಸಿದ ಕಡಲು: ತಿಮಿಂಗಿಲಗಳ ಬದುಕಿನಲ್ಲಿ ರೂಢಿಯ ಪಾತ್ರ

1970ರ ಮಾರ್ಚ್ ತಿಂಗಳಲ್ಲಿ ಕೆನಡಾದ ವ್ಯಾಂಕೂವರ್ ದ್ವೀಪದ ದಕ್ಷಿಣ ತುದಿಯ ಪೆಡ್ಡರ್ ಕೊಲ್ಲಿಗೆ ಐದು ಓರ್ಕಾ ತಿಮಿಂಗಿಲಗಳು ಬಂದವು. ಪ್ರದರ್ಶನಕ್ಕಾಗಿ ಓರ್ಕಾ ಹಿಡಿಯುವವರು ಬಲೆ ಅಡ್ಡಗಟ್ಟಿ ಅವನ್ನು ಸೆರೆ ಹಿಡಿದರು. ಎರಡನ್ನು ಅಕ್ವೇರಿಯಂಗೆ ಸಾಗಿಸಿದರು, ಮೂರು ಬಲೆಯೊಳಗೇ ಉಳಿದವು. ಎಷ್ಟು ಮೀನು ಎಸೆದರೂ ಆ ಮೂರು ಮೂಸಿಯೂ ನೋಡಲಿಲ್ಲ. ಸುಮಾರು ಎರಡೂವರೆ ತಿಂಗಳು ಉಪವಾಸ ಬಿದ್ದವು. ಬೆನ್ನುಮೂಳೆ, ಪಕ್ಕೆಲುಬು ಎದ್ದು ಕಾಣುವಷ್ಟು ಸೊರಗಿ ಒಂದು ಸತ್ತಿತು. ಅದಾದ ಮೇಲಷ್ಟೇ ಉಳಿದೆರಡು ಸಾಲ್ಮನ್ ತಿನ್ನತೊಡಗಿದವು. ಕೆಲವು ತಿಂಗಳ ಬಳಿಕ ಬಲೆಯಿಂದ ಪಾರಾಗಿ ಕಡಲು ಸೇರಿದವು. ಅಲ್ಲಿ ಮತ್ತೆ ತಮ್ಮ ಹಳೆಯ ಆಹಾರಕ್ಕೇ, ಅಂದರೆ ಸೀಲ್ ಮುಂತಾದ ಸಸ್ತನಿಗಳ ಬೇಟೆಗೇ ಮರಳಿದವು.

ಇದೇಕೆ ಹೀಗೆಂದು ಆಗ ಯಾರಿಗೂ ತಿಳಿಯಲಿಲ್ಲ. ಅದೇ ದಶಕದಲ್ಲಿ ಕೆನಡಾದ ವಿಜ್ಞಾನಿ ಮೈಕೆಲ್ ಬಿಗ್ ಮತ್ತು ಸಂಗಡಿಗರು ಬೆನ್ನಿನ ಈಜುರೆಕ್ಕೆಯ ಆಕಾರ, ಅದರ ಹಿಂದಿನ ಬೂದು ಮಚ್ಚೆ, ಗಾಯದ ಗುರುತುಗಳನ್ನು ಫೋಟೋ ತೆಗೆದು ಒಂದೊಂದೇ ಓರ್ಕಾವನ್ನು ಗುರುತಿಸುವ ಕೆಲಸಕ್ಕೆ ಕೈ ಹಾಕಿದರು. ಆಗ ಚಿತ್ರ ಸ್ಪಷ್ಟವಾಯಿತು. ಒಂದೇ ಕಡಲಿನಲ್ಲಿ, ಒಂದೇ ಬಗೆಯ ಹಲ್ಲು ಹೊತ್ತು, ಎರಡು ಜನಾಂಗಗಳು ಬದುಕುತ್ತಿದ್ದವು. ಒಂದು ಮೀನು ಮಾತ್ರ, ಅದರಲ್ಲೂ ಹೆಚ್ಚಾಗಿ ಚಿನೂಕ್ ಸಾಲ್ಮನ್ ತಿನ್ನುತ್ತದೆ. ಇನ್ನೊಂದು ಸೀಲ್, ಕಡಲಸಿಂಹ, ಪೋರ್ಪಸ್‌ಗಳನ್ನು ಬೇಟೆಯಾಡುತ್ತದೆ, ಮೀನಿನ ಗೊಡವೆಗೆ ಹೋಗುವುದಿಲ್ಲ. ಎರಡೂ ಪರಸ್ಪರ ಕೂಡುವುದಿಲ್ಲ, ಒಂದರ ಕೂಗು ಇನ್ನೊಂದರ ಕೂಗಿನಂತಿಲ್ಲ. ಬಲೆಗೆ ಬಿದ್ದವು ಎರಡನೆಯ ಜನಾಂಗದವು. ಅವುಗಳ ಪಾಲಿಗೆ ಮೀನು ಆಹಾರವೇ ಆಗಿರಲಿಲ್ಲ.

ಹಸಿವನ್ನೂ ಹಿಮ್ಮೆಟ್ಟಿಸುವ ಈ ರೂಢಿ ಎಲ್ಲಿಂದ ಬರುತ್ತದೆ? ಕಳೆದ ಐವತ್ತು ವರ್ಷಗಳ ತಿಮಿಂಗಿಲ ಅಧ್ಯಯನದ ದೊಡ್ಡ ಪಾಲು ಈ ಪ್ರಶ್ನೆಯ ಸುತ್ತಲೇ ಬೆಳೆದಿದೆ. ಹೆತ್ತವರಿಂದ ವಂಶವಾಹಿಯಲ್ಲಿ ಬಂದದ್ದು ಎಷ್ಟು, ತಾಯಿ ಮತ್ತು ಒಡನಾಡಿಗಳನ್ನು ನೋಡಿ, ಕೇಳಿ ಕಲಿತದ್ದು ಎಷ್ಟು? ಕಲಿತದ್ದು ಗುಂಪಿನಲ್ಲಿ ಹರಡಿ, ತಲೆಮಾರು ದಾಟಿ ಉಳಿದರೆ ಅದನ್ನು ಸಂಸ್ಕೃತಿ ಎನ್ನಬಹುದು ಎಂದು ತಿಮಿಂಗಿಲ ವಿಜ್ಞಾನಿಗಳಾದ ಹಾಲ್ ವೈಟ್‌ಹೆಡ್ ಮತ್ತು ಲ್ಯೂಕ್ ರೆಂಡೆಲ್ 2001ರಲ್ಲಿ ವಾದಿಸಿದರು. ಅಂದಿನಿಂದ ಪರ ವಿರೋಧ ಎರಡೂ ಕಡೆ ಬೇಕಾದಷ್ಟು ಬರಹ ಬಂದಿದೆ. ಒಟ್ಟು ಪುರಾವೆಯನ್ನು ಒಟ್ಟಿಗಿಟ್ಟು ನೋಡಿದರೆ ತೋರುವುದು ಇಷ್ಟು: ತಿಮಿಂಗಿಲಗಳ ಕಲಿಕೆ ಮನರಂಜನೆಯ ಸುದ್ದಿಯಲ್ಲ. ಅವು ಎಲ್ಲಿ ಉಣ್ಣುತ್ತವೆ, ಯಾರೊಡನೆ ಕೂಡುತ್ತವೆ, ಬರಗಾಲದಲ್ಲಿ ಯಾವುದು ಉಳಿಯುತ್ತದೆ ಎಂಬುದನ್ನೆಲ್ಲ ಅದು ನಿರ್ಧರಿಸುತ್ತದೆ. ಹಾಗಾಗಿ ಅವುಗಳ ರಕ್ಷಣೆಗೆ ತಲೆ ಎಣಿಸಿದರಷ್ಟೇ ಸಾಲದು.

ಹಾಡು ಮತ್ತು ಬಾಲದೇಟು

ಅತ್ಯಂತ ಗಟ್ಟಿ ಪುರಾವೆ ಬಂದಿರುವುದು ಹಂಪ್‌ಬ್ಯಾಕ್ ತಿಮಿಂಗಿಲಗಳಿಂದ. ಗಂಡು ಹಂಪ್‌ಬ್ಯಾಕ್ ಹಾಡುತ್ತದೆ. ಆ ಹಾಡಿಗೆ ಪದರು ಪದರಾದ ರಚನೆಯಿದೆ ಎಂದು ರೋಜರ್ ಪೇನ್ ಮತ್ತು ಸ್ಕಾಟ್ ಮ್ಯಾಕ್‌ವೇ 1971ರಲ್ಲಿ ತೋರಿಸಿದರು. ಒಂದು ಕಡಲಿನ ಗಂಡುಗಳೆಲ್ಲ ಹೆಚ್ಚುಕಡಿಮೆ ಒಂದೇ ಹಾಡು ಹಾಡುತ್ತವೆ. ವರ್ಷದಿಂದ ವರ್ಷಕ್ಕೆ ಅದು ಸ್ವಲ್ಪಸ್ವಲ್ಪವೇ ಬದಲಾಗುತ್ತದೆ, ಎಲ್ಲವೂ ಒಟ್ಟಿಗೆ ಬದಲಾಯಿಸಿಕೊಳ್ಳುತ್ತವೆ. 1996ರಲ್ಲಿ ಆಸ್ಟ್ರೇಲಿಯಾದ ಪೂರ್ವ ತೀರದಲ್ಲಿ ದಾಖಲಿಸಿಕೊಂಡ 82 ಹಾಡುಗಾರರಲ್ಲಿ ಎರಡು ಮಾತ್ರ ಬೇರೆಯದೇ ಹಾಡು ಹಾಡುತ್ತಿದ್ದವು. ಅದು ಪಶ್ಚಿಮ ತೀರದ ತಿಮಿಂಗಿಲಗಳ ಹಾಡು. 1998ರ ಹೊತ್ತಿಗೆ ಪೂರ್ವದವೆಲ್ಲ ತಮ್ಮ ಹಳೆಯದನ್ನು ಬಿಟ್ಟು ಅದನ್ನೇ ಹಿಡಿದಿದ್ದವು. ಮುಂದೆ ಎಲೆನ್ ಗಾರ್ಲೆಂಡ್ ಮತ್ತು ಸಂಗಡಿಗರು ಹನ್ನೊಂದು ವರ್ಷಗಳ ಧ್ವನಿಮುದ್ರಣಗಳನ್ನು ಜೋಡಿಸಿ ನೋಡಿದಾಗ, ಹೊಸ ಹಾಡುಗಳು ಪೂರ್ವ ಆಸ್ಟ್ರೇಲಿಯಾದಿಂದ ಹೊರಟು ದ್ವೀಪದಿಂದ ದ್ವೀಪಕ್ಕೆ ಸಾಗಿ ಫ್ರೆಂಚ್ ಪಾಲಿನೇಷ್ಯಾ ತಲುಪುವುದು ಕಂಡಿತು. ಎರಡು ಮೂರು ವರ್ಷಗಳಲ್ಲಿ ವಂಶವಾಹಿ ಹೀಗೆ ಬದಲಾಗದು. ಕೇಳಿ ಕಲಿಯದೆ ಇದಕ್ಕೆ ಬೇರೆ ದಾರಿಯಿಲ್ಲ.

ಹಾಡು ಹೊಟ್ಟೆಪಾಡಿನ ವಿಷಯವಲ್ಲ ಎನ್ನಬಹುದು. ಅದಕ್ಕೆ ಉತ್ತರ ಸಿಗುವುದು ಅಮೆರಿಕದ ಮೇನ್ ಕೊಲ್ಲಿಯಲ್ಲಿ. ಅಲ್ಲಿನ ಹಂಪ್‌ಬ್ಯಾಕ್‌ಗಳು ನೀರಿನಡಿ ಗುಳ್ಳೆಗಳ ಬಲೆ ಬೀಸಿ ಮೀನನ್ನು ಒಟ್ಟುಗೂಡಿಸಿ ನುಂಗುತ್ತವೆ. 1980ರಲ್ಲಿ ಒಂದು ತಿಮಿಂಗಿಲ ಗುಳ್ಳೆ ಬಿಡುವ ಮುನ್ನ ಬಾಲದಿಂದ ನೀರಿಗೆ ಬಲವಾಗಿ ಬಡಿಯುವುದು ಕಣ್ಣಿಗೆ ಬಿತ್ತು. ಆ ಹೊತ್ತಿಗೆ ಹೆರಿಂಗ್ ಮೀನು ನೆಲಕಚ್ಚಿ ಸ್ಯಾಂಡ್ ಲ್ಯಾನ್ಸ್ ಎಂಬ ಸಣ್ಣ ಮೀನು ಹೆಚ್ಚಿತ್ತು. ಹೊಸ ಮೀನಿಗೆ ಹೊಸ ಉಪಾಯ. 2013ರಲ್ಲಿ ಪ್ರಕಟವಾದ ಅಧ್ಯಯನ 27 ವರ್ಷಗಳ ವೀಕ್ಷಣೆಯನ್ನು ಜಾಲಾಡಿತು. ಬಾಲ ಬಡಿಯುವ ತಿಮಿಂಗಿಲದೊಡನೆ ಹೆಚ್ಚು ಹೊತ್ತು ಕಳೆದವು ತಾವೂ ಬಡಿಯಲು ಕಲಿಯುವ ಸಾಧ್ಯತೆ ಹೆಚ್ಚೆಂದು ಅದರಿಂದ ಗೊತ್ತಾಯಿತು. ಒಡನಾಟದ ಎಳೆ ಹಿಡಿದೇ ಉಪಾಯ ಹರಡಿತ್ತು.

ಮೂತಿಗೆ ಸ್ಪಂಜು, ಬಲೆಗೆ ಸನ್ನೆ

ಪಶ್ಚಿಮ ಆಸ್ಟ್ರೇಲಿಯಾದ ಶಾರ್ಕ್ ಕೊಲ್ಲಿಯಲ್ಲಿ ತಿಮಿಂಗಿಲಗಳ ಬಳಗದವೇ ಆದ ಕೆಲವು ಬಾಟಲ್‌ನೋಸ್ ಡಾಲ್ಫಿನ್‌ಗಳು ಕಡಲತಳದ ಸ್ಪಂಜನ್ನು ಕಿತ್ತು ಮೂತಿಗೆ ತೊಟ್ಟುಕೊಳ್ಳುತ್ತವೆ. 1984ರಲ್ಲಿ ಮೊದಲು ಕಂಡ ಈ ನಡವಳಿಕೆಯ ಉದ್ದೇಶ ತಿಳಿಯಲು ಬಹುಕಾಲ ಬೇಕಾಯಿತು. ಮರಳಿನಲ್ಲಿ ಹುದುಗಿರುವ ಕೆಲವು ಮೀನುಗಳಿಗೆ ಗಾಳಿಚೀಲವಿಲ್ಲ. ಆದ್ದರಿಂದ ಡಾಲ್ಫಿನ್‌ನ ಪ್ರತಿಧ್ವನಿ ಶೋಧಕ್ಕೆ ಅವು ಸರಿಯಾಗಿ ಸಿಗುವುದಿಲ್ಲ. ಮೂತಿಯಿಂದ ತಳವನ್ನು ಕೆದಕಿ ಅವನ್ನು ಎಬ್ಬಿಸಬೇಕು, ಕಲ್ಲುಚೂರು ತಾಗದಂತೆ ಸ್ಪಂಜು ಕಾಯುತ್ತದೆ. ಈ ವಿದ್ಯೆ ಮುಖ್ಯವಾಗಿ ತಾಯಿಯಿಂದ ಮಗಳಿಗೆ ಇಳಿಯುತ್ತದೆ ಎಂದು 2005ರಲ್ಲಿ ತೋರಿಸಲಾಯಿತು. ಅದೇ ಕೊಲ್ಲಿಯ ಉಳಿದ ಡಾಲ್ಫಿನ್‌ಗಳು ಸ್ಪಂಜಿನ ತಂಟೆಗೇ ಹೋಗುವುದಿಲ್ಲ.

ಕೆಲವು ಕಡೆ ಈ ಕಲಿಕೆಯಲ್ಲಿ ಮನುಷ್ಯನೂ ಪಾಲುದಾರ. ಬ್ರೆಜಿಲ್‌ನ ಲಗೂನಾ ಪಟ್ಟಣದಲ್ಲಿ ಬೀಸುಬಲೆ ಹಿಡಿದ ಮೀನುಗಾರರು ಮೊಣಕಾಲುದ್ದ ನೀರಿನಲ್ಲಿ ಸಾಲಾಗಿ ನಿಂತು ಡಾಲ್ಫಿನ್‌ಗಾಗಿ ಕಾಯುತ್ತಾರೆ. ಡಾಲ್ಫಿನ್ ಮಲ್ಲೆಟ್ ಮೀನಿನ ಹಿಂಡನ್ನು ದಡದತ್ತ ಅಟ್ಟಿ ತರುತ್ತದೆ. ಅದು ಥಟ್ಟನೆ ಮುಳುಗಿ ಸೂಚನೆ ಕೊಟ್ಟ ಕ್ಷಣದಲ್ಲಿ ಬಲೆ ಬೀಳಬೇಕು. ಚದುರಿದ ಮೀನು ಡಾಲ್ಫಿನ್ ಪಾಲು, ಬಲೆಗೆ ಬಿದ್ದದ್ದು ಮನುಷ್ಯರ ಪಾಲು. ಒಂದು ಶತಮಾನಕ್ಕೂ ಹಿಂದಿನಿಂದ ನಡೆದುಬಂದ ಈ ಪಾಲುಗಾರಿಕೆಯಲ್ಲಿ ಎರಡೂ ಕಡೆಗೆ ಲಾಭವಿದೆ ಎಂದು 2023ರ ಅಧ್ಯಯನವೊಂದು ಲೆಕ್ಕ ಹಾಕಿ ತೋರಿಸಿತು. ಮಲ್ಲೆಟ್ ಕಡಿಮೆಯಾದಂತೆ ರೂಢಿಯೇ ಅಳಿಯಬಹುದೆಂದೂ ಅದು ಎಚ್ಚರಿಸಿತು. ಮ್ಯಾನ್ಮಾರ್‌ನ ಐರಾವತಿ ನದಿಯಲ್ಲೂ ಬೀಸುಬಲೆಯವರಿಗೂ ಐರಾವತಿ ಡಾಲ್ಫಿನ್‌ಗಳಿಗೂ ಇಂಥದೇ ನಂಟಿದೆ. ನೀರಿಗೆ ವಿದ್ಯುತ್ ಹರಿಸಿ ಮೀನು ಹಿಡಿಯುವ ಅಕ್ರಮದಿಂದ ಅಲ್ಲಿ ಅದು ಕಡಿಯುವ ಹಂತಕ್ಕೆ ಬಂದಿದೆ.

ಬಳಗದ ಗುರುತು, ಅಜ್ಜಿಯ ನೆನಪು

ಸ್ಪರ್ಮ್ ತಿಮಿಂಗಿಲಗಳದು ಇನ್ನೊಂದು ಬಗೆ. ಹೆಣ್ಣುಗಳು ಮರಿಗಳೊಡನೆ ಬೆಚ್ಚನೆಯ ಕಡಲುಗಳಲ್ಲಿ ತಾಯಿಬಳಗ ಕಟ್ಟಿಕೊಂಡು ಬಾಳುತ್ತವೆ, ಬೆಳೆದ ಗಂಡುಗಳು ಧ್ರುವಗಳ ಕಡೆಗೆ ಹೊರಟುಹೋಗುತ್ತವೆ. ನೀರಿನ ಮೇಲೆ ಸೇರಿದಾಗ ಹೆಣ್ಣುಗಳು ಟಕಟಕ ಸದ್ದಿನ ಸಣ್ಣ ಸಣ್ಣ ಲಯಗಳನ್ನು ವಿನಿಮಯ ಮಾಡಿಕೊಳ್ಳುತ್ತವೆ. ವಿಜ್ಞಾನಿಗಳು ಇದನ್ನು ಕೋಡಾ ಎನ್ನುತ್ತಾರೆ. ಒಂದೇ ಬಗೆಯ ಕೋಡಾ ಬಳಸುವ ಬಳಗಗಳೆಲ್ಲ ಸೇರಿ ಒಂದು ಕುಲ. ಒಂದೇ ನೀರಿನಲ್ಲಿ ಎರಡು ಕುಲಗಳಿದ್ದರೂ ಬೆರೆಯುವುದಿಲ್ಲ. 2022ರಲ್ಲಿ ಪೆಸಿಫಿಕ್ ಸಾಗರದ ಇಪ್ಪತ್ತು ಸಾವಿರಕ್ಕೂ ಹೆಚ್ಚು ಕೋಡಾಗಳನ್ನು ಹೋಲಿಸಿದ ಅಧ್ಯಯನ ಇಂಥ ಏಳು ಕುಲಗಳನ್ನು ಗುರುತಿಸಿತು. ಕುಲಗಳ ವಾಸಸ್ಥಳ ಒಂದರ ಮೇಲೊಂದು ಬರುವಲ್ಲಿ ಗುರುತಿನ ಕೋಡಾಗಳ ವ್ಯತ್ಯಾಸ ಇನ್ನೂ ಎದ್ದು ಕಾಣುತ್ತದೆ.

ಕುಲಭೇದ ಸದ್ದಿಗೆ ನಿಲ್ಲುವುದಿಲ್ಲ. ಗಲಾಪಗೋಸ್ ದ್ವೀಪಗಳ ಬಳಿ ಎರಡು ಕುಲಗಳನ್ನು ವೈಟ್‌ಹೆಡ್ ಮತ್ತು ರೆಂಡೆಲ್ ಹೋಲಿಸಿದರು. ಅವುಗಳ ಸಂಚಾರದ ರೀತಿ ಬೇರೆ ಬೇರೆ. ನೀರು ತಂಪಾಗಿರುವ ಸಾಮಾನ್ಯ ವರ್ಷಗಳಲ್ಲಿ ಒಂದು ಕುಲಕ್ಕೆ ಆಹಾರ ಹೆಚ್ಚು ಸಿಗುತ್ತಿತ್ತು. ಎಲ್ ನಿನ್ಯೋ ಬಂದು ಕಡಲು ಬಿಸಿಯಾದಾಗ ಎರಡಕ್ಕೂ ಕಷ್ಟವಾಯಿತು, ಆದರೆ ಇನ್ನೊಂದು ಕುಲ ಮೇಲುಗೈ ಸಾಧಿಸಿತು. ಶಾರ್ಕ್ ಕೊಲ್ಲಿಯಲ್ಲೂ ಹೀಗೆಯೇ ಆಯಿತು. 2011ರ ಉಷ್ಣ ಅಲೆಗೆ ಅಲ್ಲಿನ ಸಮುದ್ರಹುಲ್ಲು ಸತ್ತು ಡಾಲ್ಫಿನ್‌ಗಳು ಬದುಕುಳಿಯುವ ಪ್ರಮಾಣ ಕುಸಿಯಿತು. ಸ್ಪಂಜು ಬಳಸುವವುಗಳಿಗೆ ಪೆಟ್ಟು ಕಡಿಮೆ. ಒಂದು ಊರಿನ ಹೊಲದಲ್ಲಿ ರಾಗಿ, ಜೋಳ, ಭತ್ತ ಎಲ್ಲ ಇದ್ದರೆ ಮಳೆ ಕೈಕೊಟ್ಟ ವರ್ಷ ಯಾವುದೋ ಒಂದು ಕೈಹಿಡಿಯುವಂತೆ, ಒಂದು ಜಾತಿಯೊಳಗೆ ಬದುಕುವ ರೂಢಿಗಳು ಹಲವಿದ್ದಷ್ಟೂ ಅದಕ್ಕೆ ಆಪತ್ತು ದಾಟುವ ದಾರಿ ಹೆಚ್ಚು.

ಈ ರೂಢಿಗಳನ್ನು ಹೊತ್ತು ತರುವವರಲ್ಲಿ ಅಜ್ಜಿಯರ ಪಾತ್ರ ದೊಡ್ಡದು. ಹೆರುವ ವಯಸ್ಸು ಮುಗಿದ ಮೇಲೂ ದಶಕಗಟ್ಟಲೆ ಬದುಕುವುದು ಸಸ್ತನಿಗಳಲ್ಲಿ ತೀರ ಅಪರೂಪ. ಮನುಷ್ಯರನ್ನು ಬಿಟ್ಟರೆ ಓರ್ಕಾ, ಪೈಲಟ್ ತಿಮಿಂಗಿಲದ ಒಂದು ಜಾತಿ, ಸುಳ್ಳು ಓರ್ಕಾ, ಬೆಲೂಗಾ, ನಾರ್ವಾಲ್‌ಗಳಲ್ಲಿ ಇದು ಕಂಡಿದೆ. ಓರ್ಕಾ ಹೆಣ್ಣು ಸುಮಾರು ನಲವತ್ತಕ್ಕೆ ಹೆರುವುದನ್ನು ನಿಲ್ಲಿಸುತ್ತದೆ, ಎಂಬತ್ತು ದಾಟಿಯೂ ಬದುಕಬಲ್ಲದು. ಗುಂಪು ಹೊರಟಾಗ ಮುಂದೆ ಇರುವುದು ಹೆಚ್ಚಾಗಿ ಇಂಥ ಹಿರಿಯ ಹೆಣ್ಣು. ಸಾಲ್ಮನ್ ಕಡಿಮೆಯಾದ ವರ್ಷಗಳಲ್ಲಿ ಈ ಮುಂದಾಳ್ತನ ಇನ್ನೂ ಸ್ಪಷ್ಟ ಎಂದು 2015ರ ಅಧ್ಯಯನ ತೋರಿಸಿತು. ಮೀನು ಎಲ್ಲೆಂದು ಗೊತ್ತಿರುವವರ ಹಿಂದೆ ಉಳಿದವರು ಹೋಗುತ್ತಾರೆ. ಮೂವತ್ತು ದಾಟಿದ ಗಂಡು ಓರ್ಕಾ ತಾಯಿಯನ್ನು ಕಳೆದುಕೊಂಡರೆ ಮುಂದಿನ ಒಂದು ವರ್ಷದಲ್ಲಿ ಅದು ಸಾಯುವ ಸಂಭವ 14 ಪಟ್ಟು ಹೆಚ್ಚುತ್ತದೆ. ಅಜ್ಜಿ ಸತ್ತರೆ ಮೊಮ್ಮಕ್ಕಳಿಗೂ ಅಪಾಯ.

ಒಪ್ಪದವರ ಮಾತು

ಇಷ್ಟಾದರೂ ಎಲ್ಲರೂ ತಲೆದೂಗಿಲ್ಲ. ವಿಜ್ಞಾನಿಗಳಾದ ಕೆವಿನ್ ಲಾಲಂಡ್ ಮತ್ತು ವಿನ್ಸೆಂಟ್ ಜಾನಿಕ್ 2006ರಲ್ಲಿ ಎತ್ತಿದ ಆಕ್ಷೇಪ ಇಂದಿಗೂ ತೂಕದ್ದು. ವಂಶವಾಹಿಯೂ ಕಾರಣವಲ್ಲ, ಪರಿಸರವೂ ಕಾರಣವಲ್ಲ, ಆದ್ದರಿಂದ ಕಲಿಕೆಯೇ ಕಾರಣ ಎಂದು ಒಂದೊಂದನ್ನೇ ಕಳೆಯುತ್ತ ತೀರ್ಮಾನಕ್ಕೆ ಬರುವ ಕ್ರಮ ದುರ್ಬಲ ಎನ್ನುತ್ತಾರೆ ಅವರು. ಮೂರೂ ಹೆಣೆದುಕೊಂಡೇ ಕೆಲಸ ಮಾಡುತ್ತವೆ. ತಾಯಿಯಿಂದ ಮಗಳಿಗೆ ಸ್ಪಂಜಿನ ವಿದ್ಯೆ ಇಳಿದಂತೆ ವಂಶವಾಹಿಯೂ ಇಳಿಯುತ್ತದಲ್ಲ! ಸ್ಪಂಜು ಬೆಳೆಯುವ ಆಳದ ನೀರಿನಲ್ಲೇ ಆ ಡಾಲ್ಫಿನ್‌ಗಳು ವಾಸಿಸುತ್ತವೆ ಎಂಬುದೂ ನಿಜ. ನಲವತ್ತು ಟನ್ ಪ್ರಾಣಿಯನ್ನು ಪ್ರಯೋಗಾಲಯದಲ್ಲಿಟ್ಟು ಪರೀಕ್ಷಿಸಲು ಬರುವುದಿಲ್ಲ. ಓರ್ಕಾಗಳ ಎರಡು ಜನಾಂಗಗಳ ನಡುವೆ ಈಗ ವಂಶವಾಹಿ ಭೇದವೂ ಸ್ಪಷ್ಟವಿದೆ. ರೂಢಿ ಬೇರೆಯಾದದ್ದರಿಂದ ರಕ್ತ ಬೇರೆಯಾಯಿತೋ, ರಕ್ತ ಬೇರೆಯಾದದ್ದರಿಂದ ರೂಢಿಯೋ ಎಂದು ವಾದಿಸಲು ಜಾಗವಿದೆ.

ಈ ಟೀಕೆಯಿಂದ ಅಧ್ಯಯನ ಸುಧಾರಿಸಿತು. ಯಾವ ಪ್ರಾಣಿ ಯಾರೊಡನೆ ಎಷ್ಟು ಹೊತ್ತು ಇತ್ತು ಎಂಬ ಲೆಕ್ಕ ಹಿಡಿದು, ನಡವಳಿಕೆ ಆ ಜಾಲದಲ್ಲಿ ಹರಡಿತೇ ಎಂದು ಗಣಿತದಿಂದ ಪರೀಕ್ಷಿಸುವ ವಿಧಾನ ಬಂತು. ಮೇನ್ ಕೊಲ್ಲಿಯ ತೀರ್ಮಾನ ಬಂದದ್ದು ಹಾಗೆಯೇ. ಮಿತಿಯನ್ನೂ ಒಪ್ಪಬೇಕು. ಮನುಷ್ಯರ ಜ್ಞಾನ ಒಂದರ ಮೇಲೊಂದು ಕಟ್ಟುತ್ತ ಹೋಗುತ್ತದೆ, ತಿಮಿಂಗಿಲಗಳಲ್ಲಿ ಅಂಥ ಕಟ್ಟೋಣದ ಗುರುತು ತೀರ ಕಡಿಮೆ. ಹಂಪ್‌ಬ್ಯಾಕ್ ಹಾಡು ವರ್ಷವರ್ಷಕ್ಕೂ ಜಟಿಲವಾಗಿ, ಹೊಸ ಹಾಡು ಬಂದಾಗ ಮತ್ತೆ ಸರಳವಾಗಿಬಿಡುತ್ತದೆ. ಸ್ಪರ್ಮ್ ತಿಮಿಂಗಿಲಗಳ ಕೋಡಾಗಳಲ್ಲಿ ಲಯ, ವೇಗ, ಅಲಂಕಾರಗಳ ಜೋಡಣೆಯಿದೆ ಎಂದು 2024ರಲ್ಲಿ ಪ್ರಕಟವಾದ ಸಂಶೋಧನೆ ಹೇಳಿದಾಗ, ತಿಮಿಂಗಿಲ ಭಾಷೆ ಸಿಕ್ಕೇಬಿಟ್ಟಿತು ಎಂಬಂತೆ ಸುದ್ದಿಯಾಯಿತು. ಆ ಜೋಡಣೆಗೆ ಅರ್ಥವಿದೆ ಎಂದು ಯಾರೂ ಸಾಧಿಸಿಲ್ಲ.

ಕಡಲಿಗೆ ಇದರಿಂದೇನು?

ತಿಮಿಂಗಿಲ ಉಂಡದ್ದು ಕಡಲಿಗೆ ಗೊಬ್ಬರವಾಗಿ ಮರಳುತ್ತದೆ. ಆಳದಲ್ಲಿ ಉಂಡು ಮೇಲೆ ಬಂದು ವಿಸರ್ಜಿಸುವುದರಿಂದ ಸಾರಜನಕವೂ ಕಬ್ಬಿಣವೂ ಬಿಸಿಲು ಬೀಳುವ ಪದರಕ್ಕೆ ಏರುತ್ತವೆ, ಅಲ್ಲಿ ಸಸ್ಯಪ್ಲವಕ ಬೆಳೆಯುತ್ತದೆ. ಸತ್ತ ತಿಮಿಂಗಿಲ ತಳ ಸೇರಿದರೆ ದಶಕಗಳ ಕಾಲ ಅದರ ಮೇಲೆ ಒಂದು ಜೀವಲೋಕವೇ ನಡೆಯುತ್ತದೆ. ಎಲುಬು ತಿನ್ನುವ ಹುಳುಗಳು 2002ರಲ್ಲಿ ಕ್ಯಾಲಿಫೋರ್ನಿಯಾದ ಮಾಂಟೆರೆ ಕೊಲ್ಲಿಯ ಆಳದಲ್ಲಿ ಸಿಕ್ಕಿದ್ದು ಹೀಗೆಯೇ. 2021ರ ಒಂದು ಅಂದಾಜಿನಂತೆ, ದೊಡ್ಡ ಬೇಟೆಗೆ ಮುಂಚೆ ದಕ್ಷಿಣ ಸಾಗರದ ತಿಮಿಂಗಿಲಗಳು ವರ್ಷಕ್ಕೆ 43 ಕೋಟಿ ಟನ್ ಕ್ರಿಲ್ ಎಂಬ ಸೀಗಡಿಯಂಥ ಸಣ್ಣ ಜೀವಿಗಳನ್ನು ತಿನ್ನುತ್ತಿದ್ದವು. ತಿನ್ನುವವರು ಹೋದ ಮೇಲೆ ಕ್ರಿಲ್ ಹೆಚ್ಚಬೇಕಿತ್ತು, ಹೆಚ್ಚಲಿಲ್ಲ. ಗೊಬ್ಬರವೂ ಹೋಯಿತು ಎಂಬುದು ಇದಕ್ಕೆ ಕೊಡುವ ಒಂದು ವಿವರಣೆ.

ರೂಢಿಯ ಪ್ರಶ್ನೆ ಇಲ್ಲಿಗೇ ಬಂದು ಕೂಡುತ್ತದೆ. ತಿಮಿಂಗಿಲ ಎಲ್ಲಿ ಉಣ್ಣಬೇಕೆಂಬುದನ್ನು ತಾಯಿ ಮೊದಲ ವರ್ಷದಲ್ಲೇ ಮರಿಗೆ ತೋರಿಸುತ್ತದೆ. ಅರ್ಜೆಂಟೀನಾದ ತೀರದ ದಕ್ಷಿಣ ರೈಟ್ ತಿಮಿಂಗಿಲಗಳಲ್ಲಿ ಉಣ್ಣುವ ಜಾಗ ತಾಯಿಯ ವಂಶದಲ್ಲಿ ಇಳಿಯುತ್ತದೆ ಎಂದು ಚರ್ಮದ ಮಾದರಿಗಳಿಂದ 2009ರಲ್ಲಿ ಕಂಡುಕೊಳ್ಳಲಾಯಿತು. ಒಂದು ಮೇವಿನ ತಾಣಕ್ಕೆ ಬರುವ ತಾಯಿಬಳಗಗಳನ್ನೆಲ್ಲ ಕೊಂದರೆ, ಬೇರೆಡೆ ಅದೇ ಜಾತಿ ಎಷ್ಟೇ ಇದ್ದರೂ ಆ ತಾಣದ ದಾರಿ ಬಲ್ಲವರು ಉಳಿಯುವುದಿಲ್ಲ. ದಕ್ಷಿಣ ಅಟ್ಲಾಂಟಿಕ್‌ನ ಸೌತ್ ಜಾರ್ಜಿಯಾ ದ್ವೀಪದಲ್ಲಿ 1904ರಿಂದ 1965ರವರೆಗೆ ಸುಮಾರು 1,75,000 ತಿಮಿಂಗಿಲಗಳನ್ನು ಕೊಂದರು. ಮೇವು ಅಲ್ಲಿಯೇ ಇತ್ತು, ಆದರೂ ಬೇಟೆ ನಿಂತು ದಶಕಗಳಾದರೂ ನೀಲಿ ತಿಮಿಂಗಿಲ ಅಲ್ಲಿ ಕಾಣಿಸಿಕೊಳ್ಳುತ್ತಿದ್ದುದು ಅಪರೂಪಕ್ಕೆ. 2020ರ ಸಮೀಕ್ಷೆಯ ಹೊತ್ತಿಗಷ್ಟೇ ಅವು ಮತ್ತೆ ಗಮನಾರ್ಹ ಸಂಖ್ಯೆಯಲ್ಲಿ ಕಂಡವು. ದಾರಿಯ ನೆನಪು ಅಳಿದದ್ದೇ ಈ ತಡಕ್ಕೆ ಒಂದು ಕಾರಣವಿರಬಹುದು ಎಂಬ ವಾದವಿದೆ.

ಇಪ್ಪತ್ತನೆಯ ಶತಮಾನದಲ್ಲಿ ಒಟ್ಟು ಸುಮಾರು 29 ಲಕ್ಷ ತಿಮಿಂಗಿಲಗಳು ಬೇಟೆಗೆ ಬಲಿಯಾದವು. ಅದಕ್ಕೂ ಹಿಂದಿನ ಬೇಟೆಯಲ್ಲಿ ತಿಮಿಂಗಿಲಗಳು ಸುಮ್ಮನೆ ಸಾಯಲಿಲ್ಲ ಎಂಬುದಕ್ಕೂ ದಾಖಲೆಯಿದೆ. ಹತ್ತೊಂಬತ್ತನೆಯ ಶತಮಾನದ ಹಡಗುಗಳ ದಿನಚರಿಗಳನ್ನು ಪರಿಶೀಲಿಸಿದ 2021ರ ಅಧ್ಯಯನದ ಪ್ರಕಾರ, ಬೇಟೆಗಾರರು ಉತ್ತರ ಪೆಸಿಫಿಕ್‌ನ ಹೊಸ ಜಾಗಕ್ಕೆ ಕಾಲಿಟ್ಟ ಎರಡೂವರೆ ವರ್ಷದೊಳಗೆ ಸ್ಪರ್ಮ್ ತಿಮಿಂಗಿಲಕ್ಕೆ ಈಟಿ ನಾಟುವ ಪ್ರಮಾಣ ಶೇ 58ರಷ್ಟು ಇಳಿಯಿತು. ತಪ್ಪಿಸಿಕೊಳ್ಳುವುದನ್ನು ಅವು ಒಂದರಿಂದೊಂದು ಕಲಿತವು ಎಂಬುದು ಸಂಶೋಧಕರ ಅಭಿಪ್ರಾಯ. ಉಗಿಹಡಗು ಮತ್ತು ಸಿಡಿಮದ್ದಿನ ಈಟಿ ಬಂದ ಮೇಲೆ ಆ ಕಲಿಕೆ ಉಪಯೋಗಕ್ಕೆ ಬರಲಿಲ್ಲ.

ನಮ್ಮ ಪಡುಗಡಲು

ಈ ಎಲ್ಲ ವಾದಗಳು ಒಟ್ಟಾಗಿ ಪರೀಕ್ಷೆಗೆ ಬರುವ ಜಾಗ ಅರಬ್ಬಿ ಸಮುದ್ರ. ಬೇರೆಲ್ಲ ಹಂಪ್‌ಬ್ಯಾಕ್‌ಗಳು ಧ್ರುವಗಳ ಕಡೆಯ ತಂಪು ಕಡಲುಗಳಲ್ಲಿ ಉಂಡು, ಉಷ್ಣವಲಯದಲ್ಲಿ ಈಯಲು ಸಾವಿರಾರು ಕಿಲೋಮೀಟರ್ ವಲಸೆ ಹೋಗುತ್ತವೆ. ಇಲ್ಲಿನವು ಹಾಗೆ ಹೋಗುವುದಿಲ್ಲ. ನೈರುತ್ಯ ಮುಂಗಾರಿನ ಗಾಳಿ ಒಮಾನ್ ತೀರದಲ್ಲೂ ನಮ್ಮ ಪಶ್ಚಿಮ ಕರಾವಳಿಯಲ್ಲೂ ಆಳದ ತಂಪು ನೀರನ್ನು ಮೇಲೆತ್ತುತ್ತದೆ. ಆ ಸಾರಕ್ಕೆ ಪ್ಲವಕ, ಪ್ಲವಕಕ್ಕೆ ಬೂತಾಯಿಯಂಥ ಮೀನು, ಮೀನಿಗೆ ತಿಮಿಂಗಿಲ. ನಮ್ಮ ಮೀನುಗಾರರ ಬಲೆ ತುಂಬಿಸುವ ಮಳೆಗಾಲವೇ ಇವುಗಳ ಊಟವನ್ನೂ ಸಿದ್ಧಪಡಿಸುತ್ತದೆ. ಇವು ಉಳಿದ ಹಂಪ್‌ಬ್ಯಾಕ್‌ಗಳಿಂದ ಬೇರೆಯಾಗಿ ಸುಮಾರು 70,000 ವರ್ಷಗಳಾದವು ಎಂದು 2014ರ ವಂಶವಾಹಿ ಅಧ್ಯಯನ ಅಂದಾಜು ಮಾಡಿದೆ. ಇವುಗಳ ಹಾಡೂ ದಕ್ಷಿಣ ಹಿಂದೂ ಮಹಾಸಾಗರದ ಹಾಡಿಗಿಂತ ಬೇರೆ.

1966ರಲ್ಲಿ ಸೋವಿಯತ್ ಬೇಟೆ ಹಡಗುಗಳು ಅಂತಾರಾಷ್ಟ್ರೀಯ ನಿಯಮ ಮೀರಿ ಇಲ್ಲಿಗೆ ಬಂದು, ಕೆಲವೇ ವಾರಗಳಲ್ಲಿ ಇನ್ನೂರಕ್ಕೂ ಹೆಚ್ಚು ಹಂಪ್‌ಬ್ಯಾಕ್‌ಗಳನ್ನು ಕೊಂದವು. ಸೋವಿಯತ್ ಒಕ್ಕೂಟ ಒಡೆದ ಮೇಲಷ್ಟೇ ಅದು ಹೊರಬಿತ್ತು. ಒಮಾನ್ ತೀರದಲ್ಲಿ ಫೋಟೋ ಗುರುತಿನಿಂದ ಮಾಡಿದ, 2011ರಲ್ಲಿ ಪ್ರಕಟವಾದ ಲೆಕ್ಕಕ್ಕೆ ಸಿಕ್ಕದ್ದು ಸುಮಾರು 82. 2017ರ ಕೊನೆಯಲ್ಲಿ ಅಲ್ಲಿ ಉಪಗ್ರಹ ಸಾಧನ ಅಂಟಿಸಿದ ಲುಬಾನ್ ಎಂಬ ಹೆಣ್ಣು ಕಡಲು ದಾಟಿ ಗೋವಾದ ಬಳಿ ಬಂತು. ಅಲ್ಲಿಂದ ತೀರದುದ್ದಕ್ಕೂ ತೆಂಕಣಕ್ಕೆ ಇಳಿದು ಭಾರತದ ತುದಿ ಮುಟ್ಟಿ, ಮತ್ತೆ ಒಮಾನ್‌ಗೆ ಮರಳಿತು. ಕಾರವಾರದಿಂದ ಮಂಗಳೂರಿನವರೆಗಿನ ಕಡಲು ಆ ದಾರಿಯಲ್ಲೇ ಇದೆ. ನೀಲಿ ತಿಮಿಂಗಿಲಗಳೂ ದೂರದವಲ್ಲ. ಲಕ್ಷದ್ವೀಪದ ಕವರತ್ತಿ ಬಳಿ ನೀರಿನಲ್ಲಿಟ್ಟ ಧ್ವನಿಗ್ರಾಹಕಗಳಲ್ಲಿ ದಿವ್ಯಾ ಪಣಿಕ್ಕರ್ ಅವರು ನೀಲಿ ತಿಮಿಂಗಿಲದ ಹಾಡು ಪತ್ತೆಹಚ್ಚಿದ್ದು 2021ರಲ್ಲಿ ಪ್ರಕಟವಾಯಿತು.

ಇನ್ನೂ ಹತ್ತಿರದ್ದು, ಕಾರವಾರದ ಕೂರ್ಮಗಡ, ದೇವಬಾಗ್ ಸುತ್ತ ಪ್ರವಾಸಿಗರು ದೋಣಿಯಿಂದ ನೋಡುವ ಹಂಪ್‌ಬ್ಯಾಕ್ ಡಾಲ್ಫಿನ್. ದಡದ ಆಳವಿಲ್ಲದ ನೀರನ್ನು ಬಿಟ್ಟು ಹೋಗದ ಈ ಜಾತಿ ಜಗತ್ತಿನ ಅಪಾಯಗ್ರಸ್ತರ ಪಟ್ಟಿಯಲ್ಲಿದೆ. ಬಲೆ, ಬಂದರು, ಹೊಲಸು, ದೋಣಿಗಳ ಗದ್ದಲ ಎಲ್ಲವೂ ಅದರ ಮನೆಯಂಗಳದಲ್ಲೇ. ನಮ್ಮ ಪತ್ರಿಕೆಗಳಲ್ಲಿ ತಿಮಿಂಗಿಲ ಹೆಚ್ಚಾಗಿ ಕಾಣಿಸಿಕೊಳ್ಳುವುದು ಮಾತ್ರ ‘ತಿಮಿಂಗಿಲ ವಾಂತಿ’ ಸಾಗಿಸುತ್ತಿದ್ದವರ ಬಂಧನದ ಸುದ್ದಿಯಲ್ಲಿ. ಸ್ಪರ್ಮ್ ತಿಮಿಂಗಿಲದ ಕರುಳಿನಲ್ಲಿ ಹುಟ್ಟುವ ಆ ಅಂಬರ್‌ಗ್ರಿಸ್‌ನ ಬೆಲೆ ಗೊತ್ತಿರುವಷ್ಟು, ಅದನ್ನು ಹುಟ್ಟಿಸುವ ಪ್ರಾಣಿಯ ಕುಲ, ಬಳಗ ನಮಗೆ ಗೊತ್ತಿಲ್ಲ.

ಎಣಿಕೆಯಾಚೆಯ ರಕ್ಷಣೆ

ಹಿಂದೂ ಮಹಾಸಾಗರ 1979ರಲ್ಲೇ ತಿಮಿಂಗಿಲಧಾಮವಾಯಿತು. ವಾಣಿಜ್ಯ ಬೇಟೆಗೆ ತಡೆ ಹಾಕುವ ನಿರ್ಧಾರವನ್ನು ಅಂತಾರಾಷ್ಟ್ರೀಯ ತಿಮಿಂಗಿಲ ಆಯೋಗ 1982ರಲ್ಲಿ ತೆಗೆದುಕೊಂಡಿತು. ಆ ನಿರ್ಧಾರಗಳ ಲೆಕ್ಕಾಚಾರವೆಲ್ಲ ಜಾತಿ ಮತ್ತು ಸಂಖ್ಯೆಯಲ್ಲೇ ಇತ್ತು. ಈಗ ಅದು ನಿಧಾನವಾಗಿ ಬದಲಾಗುತ್ತಿದೆ. ವಲಸೆ ಪ್ರಾಣಿಗಳ ಅಂತಾರಾಷ್ಟ್ರೀಯ ಒಪ್ಪಂದ 2014ರಲ್ಲಿ ಪ್ರಾಣಿಸಂಸ್ಕೃತಿಯನ್ನು ರಕ್ಷಣೆಯ ಲೆಕ್ಕಕ್ಕೆ ತೆಗೆದುಕೊಳ್ಳಬೇಕೆಂದು ಹೇಳಿತು. 2017ರಲ್ಲಿ ಪೂರ್ವ ಪೆಸಿಫಿಕ್‌ನ ಸ್ಪರ್ಮ್ ತಿಮಿಂಗಿಲ ಕುಲಗಳಿಗೂ, ಅರಬ್ಬಿ ಸಮುದ್ರದ ಹಂಪ್‌ಬ್ಯಾಕ್‌ಗಳಿಗೂ ದೇಶಗಳು ಜಂಟಿಯಾಗಿ ಕೈಗೊಳ್ಳುವ ಕ್ರಮಗಳಿಗೆ ಒಪ್ಪಿಗೆ ಕೊಟ್ಟಿತು.

ರೂಢಿ ಯಾವಾಗಲೂ ಒಳ್ಳೆಯದನ್ನೇ ಮಾಡುತ್ತದೆ ಎಂದಲ್ಲ. ಮೀನು ತಿನ್ನುವ ಓರ್ಕಾಗಳ ಪೈಕಿ ವಾಷಿಂಗ್ಟನ್ ರಾಜ್ಯದ ಬಳಿಯ ದಕ್ಷಿಣದ ಬಳಗದವು ಈಗ ಎಪ್ಪತ್ತೈದರ ಆಸುಪಾಸಿನಲ್ಲಿವೆ. ಸೀಲ್‌ಗಳು ಕಣ್ಣೆದುರೇ ಬೇಕಾದಷ್ಟಿದ್ದರೂ ಅವು ಮೀನು ಬಿಟ್ಟು ಅತ್ತ ಹೊರಳುವುದಿಲ್ಲ, ಅವುಗಳ ಮುಖ್ಯ ಆಹಾರವಾದ ಚಿನೂಕ್ ಅಣೆಕಟ್ಟು ಮತ್ತು ಅತಿಬೇಟೆಯಿಂದ ಕಡಿಮೆಯಾಗುತ್ತಲೇ ಇದೆ. ಅವನ್ನು ಉಳಿಸಬೇಕೆಂದರೆ ನದಿಗಳನ್ನು ಸರಿಪಡಿಸಬೇಕು. ಅವು ತಮ್ಮ ಊಟ ಬದಲಿಸಿಕೊಳ್ಳಲಿ ಎಂದು ಕಾಯುವುದು ವ್ಯರ್ಥ.

ಅರಬ್ಬಿ ಸಮುದ್ರಕ್ಕೂ ಇದೇ ಲೆಕ್ಕ ಅನ್ವಯಿಸುತ್ತದೆ. ನೂರರ ಆಸುಪಾಸಿನ ಬಳಗದಲ್ಲಿ ಮುಂಗಾರಿನ ಮೇವು ಎಲ್ಲೆಂದು ಬಲ್ಲ ಒಂದು ಹಿರಿಯ ಹೆಣ್ಣು ಗಿಲ್‌ನೆಟ್ ಎಂಬ ಮೀನುಬಲೆಗೆ ಸಿಕ್ಕಿ ಸತ್ತರೆ ಪಟ್ಟಿಯಲ್ಲಿ ಒಂದು ಸಂಖ್ಯೆ ಇಳಿಯುತ್ತದೆ. ಅದರ ಹಿಂದೆ ಹೋಗುತ್ತಿದ್ದವಕ್ಕೆ ಆಗುವ ನಷ್ಟ ಆ ಪಟ್ಟಿಯಲ್ಲಿ ಕಾಣುವುದಿಲ್ಲ. ಬೇರೆ ಕಡಲಿನ ಹಂಪ್‌ಬ್ಯಾಕ್‌ಗಳು ಎಷ್ಟೇ ಹೆಚ್ಚಿದರೂ ಈ ಜಾಗ ತುಂಬುವುದಿಲ್ಲ, ಮುಂಗಾರು ನಂಬಿ ಬದುಕುವ ವಿದ್ಯೆ ಅವಕ್ಕಿಲ್ಲ. ಆದ್ದರಿಂದ ನಮ್ಮ ತೀರದಲ್ಲಿ ಆಗಬೇಕಾದ ಕೆಲಸ ದೊಡ್ಡ ಘೋಷಣೆಯದ್ದಲ್ಲ. ದಡಕ್ಕೆ ಬಿದ್ದ ಪ್ರತಿ ತಿಮಿಂಗಿಲದ, ಡಾಲ್ಫಿನ್‌ನ ಮಾದರಿ ಮತ್ತು ಫೋಟೋ ತೆಗೆದಿಡಬೇಕು. ಕಡಲಿನಲ್ಲಿ ಧ್ವನಿಗ್ರಾಹಕಗಳು ವರ್ಷವಿಡೀ ಕೇಳುತ್ತಿರಬೇಕು. ಮೀನುಗಾರರು ಕಂಡದ್ದನ್ನು ಹೇಳಿದರೆ ಬರೆದುಕೊಳ್ಳುವವರಿರಬೇಕು, ಬಲೆಗೆ ಸಿಕ್ಕ ಪ್ರಾಣಿಯನ್ನು ಬಿಡಿಸಿ ವರದಿ ಮಾಡಿದವರಿಗೆ ಕೇಸಿನ ಭಯವಿರದೆ ಬಲೆಯ ಪರಿಹಾರ ಸಿಗಬೇಕು. ಇವು ಯಾವ ಬಳಗ, ಎಲ್ಲಿಂದ ಬಂದವು, ಯಾರ ಹಿಂದೆ ಹೋಗುತ್ತವೆ ಎಂದು ತಿಳಿದ ಮೇಲೆ ಮಾತ್ರ ಹಡಗುದಾರಿ ಎಲ್ಲಿ ಸರಿಸಬೇಕು, ಯಾವ ತಿಂಗಳು ಯಾವ ಬಲೆ ನಿಲ್ಲಿಸಬೇಕು ಎಂದು ಹೇಳಲು ಆಧಾರ ಸಿಗುತ್ತದೆ.